ಓದಿದವರೆಂದರೆ ಯಾರು?

ಮುಂಗಾರಿನ ಮೋಡಗಳು ಕವಿಯುವ ಹೊತ್ತಿಗೆ ನಮ್ಮ ನಾಡಿನ ಸಾವಿರಾರು ಮನೆಗಳಲ್ಲಿ ಒಂದು ಹೊಸ ಸಂಭ್ರಮವೂ ಅದರ ಬೆನ್ನಿಗೇ ಒಂದು ಹೊಸ ಚಿಂತೆಯೂ ತಲೆದೋರುವುವು. ಮಗನೋ ಮಗಳೋ ಕಾಲೇಜಿಗೆ ಸೇರುವ ಕಾಲವದು. ಯಜಮಾನನು ಸಾಲವೋ ಸೋಲವೋ ಮಾಡಿ ಶುಲ್ಕದ ಹಣವನ್ನು ಹೊಂದಿಸುವನು. ಮನೆಯಾಕೆಯು ಹಾಸಿಗೆ ಹೊದಿಕೆಗಳನ್ನೂ ಚಟ್ನಿಪುಡಿಯ ಡಬ್ಬಿಯನ್ನೂ ಕಟ್ಟಿಕೊಡುವಳು. ಅಜ್ಜಿಯು ಮನೆದೇವರಿಗೆ ಮುಡಿಪು ಕಟ್ಟುವಳು. ಇಷ್ಟೆಲ್ಲ ಸನ್ನಾಹವಾದರೂ ಮುಖ್ಯವಾದ ಬುತ್ತಿಯೊಂದನ್ನು ಕಟ್ಟಿಕೊಡುವುದು ಎಷ್ಟೋ ವೇಳೆ ಎಲ್ಲರಿಗೂ ಮರೆತುಹೋಗುವುದು. ಓದುವ ಬಗೆ, ವಿಚಾರಮಾಡುವ ಬಗೆ, ಬರೆಯುವ ಬಗೆ ಎಂಬ ಮೂರು ಅಭ್ಯಾಸಗಳೇ ಆ ಬುತ್ತಿ.

“ಹದಿನೆಂಟು ವರ್ಷ ತುಂಬಿದವರಿಗೆ ಓದುಬರಹ ಬಾರದೆನ್ನುವುದುಂಟೆ?” ಎಂದು ವಾಚಕರು ಕೇಳಬಹುದು. ಪ್ರಶ್ನೆಯೇನೋ ಸಹಜವಾದುದೇ. ಆದರೆ ಅಕ್ಷರವನ್ನು ಓದುವುದು ಬೇರೆ, ಅರ್ಥವನ್ನು ಓದುವುದು ಬೇರೆ. ಪ್ರೌಢಶಾಲೆಯಲ್ಲಿಯೂ ಪದವೀಪೂರ್ವ ತರಗತಿಗಳಲ್ಲಿಯೂ ಒಂದೊಂದು ವಿಷಯಕ್ಕೆ ನಿಗದಿಯಾದ ಒಂದೊಂದು ಪುಸ್ತಕ. ಪಾಠದ ಕೊನೆಯಲ್ಲಿ ಪ್ರಶ್ನೆಗಳು. ಪ್ರಶ್ನೆಗಳಿಗೆ ಉತ್ತರ ಅದೇ ಪಾಠದಲ್ಲಿ. ಆ ಉತ್ತರವನ್ನು ಗುರುತುಹಾಕಿಕೊಂಡು ಬಾಯಿಪಾಠ ಮಾಡಿದವನು ಒಳ್ಳೆಯ ಅಂಕಗಳನ್ನು ಪಡೆಯುವನು. ಕಾಲೇಜಿನ ಒಳ್ಳೆಯ ತರಗತಿಯಲ್ಲಿ ಈ ವ್ಯವಸ್ಥೆಯು ತಲೆಕೆಳಗಾಗುವುದು. ಅಲ್ಲಿ ಒಂದೇ ವಿಷಯವನ್ನು ಮೂರು ಗ್ರಂಥಗಳು ಮೂರು ಬಗೆಯಾಗಿ ಹೇಳುತ್ತವೆ. ಯಾವುದನ್ನು ಒಪ್ಪುವೆ, ಏಕೆ ಒಪ್ಪುವೆ ಎಂದು ಅಧ್ಯಾಪಕರು ಕೇಳುತ್ತಾರೆ. ಅದುವರೆಗೆ ತರಗತಿಗೆ ಮೊದಲಿಗನಾಗಿದ್ದ ಹುಡುಗನು ಆಗ ಕಂಗೆಡುವನು. “ನನಗೆ ಈ ಓದು ಹಿಡಿಸದು” ಎಂದು ಮೊದಲನೆಯ ವರ್ಷದಲ್ಲಿಯೇ ಎದೆಗುಂದಿ ಊರಿಗೆ ಹಿಂದಿರುಗಿದವರನ್ನು ನಾನು ಬಲ್ಲೆ. ಅವರಲ್ಲಿದ್ದುದು ಬುದ್ಧಿಯ ಕೊರತೆಯಲ್ಲ, ಅಭ್ಯಾಸದ ಕೊರತೆ. ಇನ್ನು ಕೆಲವರು ಹೇಗೋ ಪದವಿಯನ್ನು ಸಂಪಾದಿಸುವರು. ಆದರೆ ಸಾಲದ ಕರಾರುಪತ್ರಕ್ಕೆ ರುಜುಹಾಕುವಾಗಲೂ ಔಷಧದ ಜಾಹೀರಾತನ್ನು ನಂಬುವಾಗಲೂ ಓದು ಬಾರದವರಂತೆಯೇ ಮೋಸಹೋಗುವರು. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯು ಹುಟ್ಟಿದುದು ಇಂತಹವರನ್ನು ಕಂಡೇ ಇರಬೇಕು.

ಹಾಗಾದರೆ ಓದಿದವರೆಂದು ಯಾರನ್ನು ಕರೆಯಬೇಕು? ನನಗೆ ತೋರುವ ಒರೆಗಲ್ಲು ಒಂದೇ. ಇನ್ನೊಬ್ಬರ ಅಭಿಪ್ರಾಯವನ್ನು, ಅವರೇ ಕೇಳಿದರೂ “ಹೌದು, ನಾನು ಹೇಳಿದುದು ಇದನ್ನೇ” ಎಂದು ತಲೆದೂಗುವಂತೆ, ತನ್ನ ಸ್ವಂತ ಮಾತುಗಳಲ್ಲಿ ಹೇಳಿ, ಆಮೇಲೆ ಅದರ ಬಲಾಬಲಗಳನ್ನು ತೂಗಬಲ್ಲವರೇ ಓದಿದವರು. ಹೇಳಬೇಕಾದರೆ ಓದು ಬೇಕು; ತೂಗಬೇಕಾದರೆ ವಿಚಾರ ಬೇಕು; ಎರಡನ್ನೂ ನಿಲ್ಲಿಸಿ ತೋರಿಸಬೇಕಾದರೆ ಬರಹ ಬೇಕು. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವೆಂದು ಕರೆಯುವುದು ಈ ನ್ಯಾಯಬುದ್ಧಿಯನ್ನೇ. ಎದುರುಪಕ್ಷವನ್ನು ಅದರ ಪೂರ್ಣಬಲದೊಡನೆ ಮೊದಲು ಮಂಡಿಸದೆ ಸಿದ್ಧಾಂತವನ್ನು ಹೇಳುವುದು ಅಲ್ಲಿ ಸಲ್ಲದು.

ಓದುವ ಬಗೆ

ಒಂದು ಗ್ರಂಥವನ್ನು ತೆರೆದೊಡನೆ ನಾಲ್ಕು ಸಂಗತಿಗಳನ್ನು ತಿಳಿದುಕೊಳ್ಳಬೇಕೆಂದು ನಮ್ಮ ಹಿಂದಿನ ಪಂಡಿತರು ನಿಯಮಮಾಡಿದ್ದರು. ಇದು ಯಾವುದನ್ನು ಕುರಿತದ್ದು? ಇದರಿಂದ ಪ್ರಯೋಜನವೇನು? ಇದು ಯಾರಿಗಾಗಿ ಬರೆದುದು? ಗ್ರಂಥಕ್ಕೂ ಅದರ ವಿಷಯಕ್ಕೂ ಇರುವ ಸಂಬಂಧವೇನು? ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ಈ ನಾಲ್ಕಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಇಂದಿನ ವಿದ್ಯಾರ್ಥಿಗೆ ಈ ನಾಲ್ಕೂ ದೊರೆಯುವ ಸ್ಥಳಗಳು ಮುನ್ನುಡಿ, ವಿಷಯಸೂಚಿಕೆ ಮತ್ತು ರಕ್ಷಾಪುಟದ ಹಿಂಬದಿ. ಅವನಾದರೋ ಈ ಮೂರನ್ನೂ ದಾಟಿ ನೇರವಾಗಿ ಪರೀಕ್ಷೆಗೆ ಬರುವ ಪುಟಕ್ಕೆ ಹಾರುವನು. ಊರಿನ ಹೆಸರನ್ನೇ ಕೇಳದೆ ಬಸ್ಸನ್ನು ಹತ್ತಿದಂತೆ ಇದು.

ಗ್ರಂಥದ ಒಟ್ಟು ತಾತ್ಪರ್ಯವನ್ನು ಕಂಡುಕೊಳ್ಳುವುದಕ್ಕೆ ಮೀಮಾಂಸಕರೂ ವೇದಾಂತಿಗಳೂ ಆರು ಗುರುತುಗಳನ್ನು ಹೇಳಿದ್ದಾರೆ. ವೇದವಾಕ್ಯಗಳಿಗಾಗಿ ಹುಟ್ಟಿದ ಈ ಗುರುತುಗಳು ಅರ್ಥಶಾಸ್ತ್ರದ ಪಾಠಕ್ಕೂ ಜೀವಶಾಸ್ತ್ರದ ಪಾಠಕ್ಕೂ ಅಷ್ಟೇ ಚೆನ್ನಾಗಿ ಒದಗುತ್ತವೆ. ಮೊದಲನೆಯದು ಉಪಕ್ರಮೋಪಸಂಹಾರ, ಎಂದರೆ ಆರಂಭವೂ ಮುಕ್ತಾಯವೂ. ಅಧ್ಯಾಯದ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಮುಂಚಿತವಾಗಿ ಓದಿದರೆ ಲೇಖಕನು ಎಲ್ಲಿಂದ ಹೊರಟು ಎಲ್ಲಿಗೆ ಸೇರುವನೆಂಬುದು ತಿಳಿಯುವುದು. ಎರಡನೆಯದು ಅಭ್ಯಾಸ: ಯಾವ ಮಾತು ಮತ್ತೆ ಮತ್ತೆ ಬರುತ್ತಿದೆ? ಮೂರನೆಯದು ಅಪೂರ್ವತೆ: ಬೇರೆಡೆಯಲ್ಲಿ ತಿಳಿಯದ ಯಾವ ಹೊಸ ಸಂಗತಿಯನ್ನು ಈತನು ಹೇಳುತ್ತಿದ್ದಾನೆ? ನಾಲ್ಕನೆಯದು ಫಲ: ಇದನ್ನು ಒಪ್ಪಿದರೆ ಆಗುವುದೇನು? ಐದನೆಯದು ಅರ್ಥವಾದ: ಹೊಗಳಿಕೆ ತೆಗಳಿಕೆಗಳ, ಅಲಂಕಾರದ ಭಾಗ ಯಾವುದು? ಆರನೆಯದು ಉಪಪತ್ತಿ: ಕೊಟ್ಟಿರುವ ಯುಕ್ತಿ ಯಾವುದು? ಈ ಆರರಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಅತ್ಯಂತ ಕಷ್ಟವಾದುದು ಐದನೆಯದನ್ನೂ ಆರನೆಯದನ್ನೂ ಬೇರ್ಪಡಿಸುವುದು. ಸೊಗಸಾದ ವರ್ಣನೆಯನ್ನು ಅವರು ಕಾರಣವೆಂದು ಭ್ರಮಿಸುವರು. ಒಣಗಿದಂತೆ ಕಾಣುವ ಕಾರಣವನ್ನು ಬಿಟ್ಟುಬಿಡುವರು.

ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪಾಠಹೇಳಿದ ನನಗೆ ವಿದ್ಯಾರ್ಥಿಗಳ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಂಡುಬಂದ ಲಕ್ಷಣವೊಂದುಂಟು. ಪುಟದಲ್ಲಿ ಹತ್ತಕ್ಕೆ ಎಂಟು ಸಾಲುಗಳ ಕೆಳಗೆ ಗೆರೆ ಎಳೆದಿರುವರು. ಈಚೆಗೆ ಹಳದಿಯ ಶಾಯಿಯನ್ನು ಬಳಿಯುವರು. ಎಲ್ಲಕ್ಕೂ ಕುಂಕುಮವಿಟ್ಟರೆ ದೇವರು ಯಾವುದು, ಕಲ್ಲು ಯಾವುದು? ಗೆರೆ ಎಳೆಯುವ ಕೈ ಓದಿದಂತೆ ತೋರಿಸುವುದು, ಮನಸ್ಸು ಓದಿರುವುದಿಲ್ಲ. ಅದರ ಬದಲು ಒಂದೊಂದು ಖಂಡವನ್ನು ಓದಿ ಮುಗಿಸಿದ ಮೇಲೆ ಪುಸ್ತಕವನ್ನು ಮುಚ್ಚಿಟ್ಟು, ಅಂಚಿನಲ್ಲಿಯೋ ಬೇರೆ ಹಾಳೆಯಲ್ಲಿಯೋ ಒಂದೇ ವಾಕ್ಯದಲ್ಲಿ ಅದರ ಸಾರವನ್ನು ಬರೆಯಲಿ. ಬರೆಯಲಾಗದಿದ್ದರೆ ಆ ಖಂಡವು ಅರ್ಥವಾಗಿಲ್ಲವೆಂದೇ ತಿಳಿಯತಕ್ಕದ್ದು.

ಇದು ಕೇವಲ ಹಳಬರ ಉಪದೇಶವಲ್ಲ. ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರಾದ ಫ್ರಾನ್ಸಿಸ್ ರಾಬಿನ್‌ಸನ್ ಎಂಬುವರು ೧೯೪೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಐದು ಮೆಟ್ಟಿಲುಗಳ ಕ್ರಮವೊಂದನ್ನು ಹೇಳಿದರು: ಮೊದಲು ಅಧ್ಯಾಯವನ್ನು ಮೇಲೆಮೇಲೆ ನೋಡುವುದು, ಅದರ ತಲೆಬರಹಗಳನ್ನು ಪ್ರಶ್ನೆಗಳನ್ನಾಗಿ ಮಾಡಿಕೊಳ್ಳುವುದು, ಉತ್ತರವನ್ನು ಹುಡುಕುತ್ತ ಓದುವುದು, ಪುಸ್ತಕವನ್ನು ನೋಡದೆ ತಾನೇ ಹೇಳಿಕೊಳ್ಳುವುದು, ಕೊನೆಗೆ ಪುನರಾವಲೋಕನ. ಇವುಗಳಲ್ಲಿ ನಾಲ್ಕನೆಯ ಮೆಟ್ಟಿಲಿನ ಬೆಲೆಯನ್ನು ೨೦೦೬ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಸಂಶೋಧಕರು ಪ್ರಯೋಗಮಾಡಿ ತೋರಿಸಿದರು. ಒಂದು ಗದ್ಯಭಾಗವನ್ನು ಕೆಲವರು ಎರಡು ಸಲ ಓದಿದರು. ಉಳಿದವರು ಒಂದು ಸಲ ಓದಿ, ಎರಡನೆಯ ಸಲ ಓದುವುದಕ್ಕೆ ಬದಲಾಗಿ ನೆನಪಿನಿಂದ ಬರೆದರು. ಐದು ನಿಮಿಷದ ಮೇಲೆ ಪರೀಕ್ಷಿಸಿದಾಗ ಎರಡು ಸಲ ಓದಿದವರದೇ ಮೇಲುಗೈ: ಅವರಿಗೆ ನೂರಕ್ಕೆ ೮೧ ಭಾಗ, ಇವರಿಗೆ ೭೫ ಭಾಗ ನೆನಪಿದ್ದಿತು. ಆದರೆ ಒಂದು ವಾರದ ಮೇಲೆ ಪರೀಕ್ಷಿಸಿದಾಗ ಎರಡು ಸಲ ಓದಿದವರಲ್ಲಿ ಉಳಿದಿದ್ದುದು ೪೨, ನೆನೆದು ಬರೆದವರಲ್ಲಿ ೫೬. ಪರೀಕ್ಷೆಯ ಹಿಂದಿನ ರಾತ್ರಿಯ ಓದು ಏಕೆ ಸಫಲವಾದಂತೆ ತೋರಿ ಮುಂದಿನ ವರ್ಷಕ್ಕೆ ಮಾಯವಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಾಗಿಲ್ಲ.

ಕನ್ನಡದಲ್ಲಿ ಕಲಿತು ಬಂದ ಮಕ್ಕಳಿಗೆ ಇನ್ನೊಂದು ಕಷ್ಟವಿದೆ. ಕಾಲೇಜಿನ ಗ್ರಂಥಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ವಾಕ್ಯಗಳಾದರೋ ಹನುಮಂತನ ಬಾಲದಂತೆ ಬೆಳೆಯುವುವು. ಇಲ್ಲಿ ಸಂಸ್ಕೃತ ಪಾಠಶಾಲೆಯ ಒಂದು ಉಪಾಯವು ಅದ್ಭುತವಾಗಿ ಉಪಕರಿಸುವುದು. ಶ್ಲೋಕವನ್ನು ಬಿಡಿಸುವಾಗ ಗುರುಗಳು ಮೊದಲು ಕ್ರಿಯಾಪದವನ್ನು ಹಿಡಿಯಹೇಳುವರು. ಆಮೇಲೆ ಯಾರು, ಏನನ್ನು, ಯಾವುದರಿಂದ, ಎಲ್ಲಿ, ಎಂತಹ ಎಂದು ಒಂದೊಂದಾಗಿ ಪ್ರಶ್ನೆಗಳನ್ನು ಕೇಳಿ, ಒಂದೊಂದು ಪದವನ್ನು ಅದಕ್ಕೆ ಪೋಣಿಸುವರು. ಇದಕ್ಕೆ ಖಂಡಾನ್ವಯವೆಂದು ಹೆಸರು. ನಾಲ್ಕು ಸಾಲಿನ ಇಂಗ್ಲಿಷ್ ವಾಕ್ಯವನ್ನೂ ಹೀಗೆಯೇ ಬಿಡಿಸಬಹುದು. ಕ್ರಿಯಾಪದ ಸಿಕ್ಕಿತೆಂದರೆ ವಾಕ್ಯದ ಜುಟ್ಟು ಕೈಗೆ ಬಂದಂತೆಯೇ ಸರಿ. ತಿಳಿದ ಅರ್ಥವನ್ನು ಕನ್ನಡದಲ್ಲಿ ಬರೆದುಕೊಳ್ಳುವುದರಿಂದ ನಾಚಿಕೆಪಡಬೇಕಾದುದೇನೂ ಇಲ್ಲ. ತಿಳಿವಳಿಕೆಯು ಮನೆಮಾತಿನಲ್ಲಿ ಬೇರೂರಿದ ಮೇಲೆ ಅನ್ಯಭಾಷೆಯಲ್ಲಿ ಹೂಬಿಡುವುದು ಸುಲಭ.

ವಿಚಾರಮಾಡುವ ಬಗೆ

ಓದಿದುದೆಲ್ಲ ನಿಜವಲ್ಲ, ಅಚ್ಚಾದುದೆಲ್ಲ ಪ್ರಮಾಣವೂ ಅಲ್ಲ. ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು’ ಎನ್ನುವ ಬುದ್ಧಿಯು ಓದಿದವರಲ್ಲಿಯೂ ವಿರಳವಾಗಿಲ್ಲ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯು ಇದಕ್ಕೆ ಮದ್ದು. ಆದರೆ ಪ್ರಮಾಣಿಸುವುದೆಂದರೆ ಎಲ್ಲವನ್ನೂ ಅಲ್ಲಗಳೆಯುವುದಲ್ಲ. ನ್ಯಾಯಶಾಸ್ತ್ರವು ಚರ್ಚೆಯನ್ನು ಮೂರು ವಿಧವಾಗಿ ವಿಂಗಡಿಸಿದೆ. ಸತ್ಯವನ್ನು ತಿಳಿಯಬೇಕೆಂದು ಮಾಡುವುದು ವಾದ. ಗೆಲ್ಲಬೇಕೆಂದು ಮಾಡುವುದು ಜಲ್ಪ. ತನ್ನದೊಂದು ಪಕ್ಷವನ್ನು ಇಡದೆ ಎದುರಾಳಿಯ ಮಾತನ್ನು ಕೆಡಹುವುದಷ್ಟೇ ವಿತಂಡ. ಕಾಲೇಜು ಕಲಿಸಬೇಕಾದುದು ಮೊದಲನೆಯದನ್ನು. ಉಳಿದೆರಡು ಯಾರೂ ಕಲಿಸದೆಯೇ ಬರುವುವು.

ತಾಳೆಯ ಮರದ ಮೇಲೆ ಕಾಗೆ ಕುಳಿತಿತು, ಆ ಕ್ಷಣದಲ್ಲಿಯೇ ಹಣ್ಣು ಬಿದ್ದಿತು. ಆದುದರಿಂದ ಕಾಗೆಯೇ ಹಣ್ಣನ್ನು ಬೀಳಿಸಿತೆನ್ನುವುದು ಅವಿಚಾರ. ಕಾಕತಾಳೀಯವೆಂಬ ಮಾತು ಹುಟ್ಟಿದುದು ಇದರಿಂದ. ಒಂದರ ಜೊತೆಗೆ ಇನ್ನೊಂದು ಬಂದಿತೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಕಾರಣವೆನ್ನಬೇಕಾದರೆ ಎರಡು ಕಡೆಯಿಂದಲೂ ನೋಡಬೇಕು: ಅದು ಇದ್ದಲ್ಲಿ ಕಾರ್ಯವಿದೆಯೇ, ಅದು ಇಲ್ಲದಲ್ಲಿ ಕಾರ್ಯವೂ ಇಲ್ಲವೇ? ಇವೆರಡನ್ನೂ ತಾರ್ಕಿಕರು ಅನ್ವಯ ವ್ಯತಿರೇಕಗಳೆಂದು ಕರೆಯುವರು. ಈ ಎರಡು ಮಾತುಗಳಿಗೆ ಎಷ್ಟು ಬೆಲೆಯಿದೆಯೆಂಬುದನ್ನು ತೋರಿಸುವುದಕ್ಕೆ ದೂರದೇಶದ ನಿಜವಾದ ವೃತ್ತಾಂತವೊಂದನ್ನು ಹೇಳುವೆನು.

ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯ ವಿಭಾಗಗಳು ಎರಡಿದ್ದುವು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರಾಗತಕ್ಕವರು. ೧೮೪೧ರಿಂದ ೧೮೪೬ರವರೆಗಿನ ಆರು ವರ್ಷಗಳಲ್ಲಿ ಮೊದಲನೆಯ ವಿಭಾಗದಲ್ಲಿ ನೂರಕ್ಕೆ ಸುಮಾರು ೧೦ ಮಂದಿ ತಾಯಂದಿರು ತೀರಿಕೊಂಡರು. ಎರಡನೆಯದರಲ್ಲಿ ಸುಮಾರು ೪ ಮಂದಿ. ಬಹುಮಟ್ಟಿಗೆ ಇದು ಬಾಣಂತಿಯರಿಗೆ ತಗಲುವ ನಂಜಿನ ಜ್ವರದ ಹಾವಳಿ. ಮೊದಲನೆಯ ವಿಭಾಗಕ್ಕೆ ಸೇರಿಸಬೇಡಿರೆಂದು ಬಡಹೆಂಗಸರು ಕಾಲುಹಿಡಿದು ಬೇಡುತ್ತಿದ್ದರು. ೧೮೪೬ರಲ್ಲಿ ಆ ವಿಭಾಗಕ್ಕೆ ಸಹಾಯಕ ವೈದ್ಯನಾಗಿ ಬಂದ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ತರುಣನು ಇದಕ್ಕೆ ಕಾರಣವನ್ನು ಹುಡುಕಲು ತೊಡಗಿದನು.

ಜನರು ಹೇಳುತ್ತಿದ್ದ ಕಾರಣಗಳು ಹಲವು. ಆತನು ಒಂದನ್ನೂ ಹಳಿಯಲಿಲ್ಲ. ಒಂದೊಂದನ್ನೂ ಪೂರ್ವಪಕ್ಷವಾಗಿ ನಿಲ್ಲಿಸಿ ಪರೀಕ್ಷಿಸಿದನು. ಗಾಳಿಯ ದೋಷವೆ? ಎರಡು ವಿಭಾಗಗಳ ಗಾಳಿಯೂ ಒಂದೇ. ಜನಸಂದಣಿಯೆ? ಸಂದಣಿ ಹೆಚ್ಚಾಗಿದ್ದುದು ಸಾವು ಕಡಿಮೆಯಿದ್ದ ಎರಡನೆಯ ವಿಭಾಗದಲ್ಲಿ. ಸಾಯುವವರಿಗೆ ಕೊನೆಯ ಸಂಸ್ಕಾರವನ್ನು ಮಾಡಲು ಗಂಟೆಯ ಸದ್ದಿನೊಡನೆ ಬರುತ್ತಿದ್ದ ಪಾದ್ರಿಯನ್ನು ಕಂಡು ಹುಟ್ಟುವ ಭಯವೆ? ಪಾದ್ರಿಯು ಗಂಟೆಯಿಲ್ಲದೆ ಬೇರೆ ದಾರಿಯಿಂದ ಬರುವಂತೆ ಏರ್ಪಡಿಸಿದರೂ ಸಾವು ಇಳಿಯಲಿಲ್ಲ. ಹೆರಿಗೆಯ ಸಮಯದಲ್ಲಿ ಮಲಗುವ ರೀತಿಯೆ? ಅದನ್ನು ಬದಲಾಯಿಸಿದರೂ ಫಲವಿಲ್ಲ. ಹೀಗಿರುವಾಗ ೧೮೪೭ರ ಮಾರ್ಚಿಯಲ್ಲಿ ಆತನ ಮಿತ್ರನಾದ ಕೊಲ್ಲೆಚ್ಕನೆಂಬ ಪ್ರಾಧ್ಯಾಪಕನು ಶವಪರೀಕ್ಷೆಯ ವೇಳೆಯಲ್ಲಿ ಚಾಕುವಿನ ಗಾಯವಾಗಿ ತೀರಿಕೊಂಡನು. ಆತನ ರೋಗಲಕ್ಷಣಗಳು ಬಾಣಂತಿಯರ ಜ್ವರದ ಲಕ್ಷಣಗಳೇ ಆಗಿದ್ದುವು. ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಶವಗಳನ್ನು ಕೊಯ್ದ ಕೈಯಿಂದಲೇ ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರು ಶವವನ್ನು ಮುಟ್ಟುತ್ತಿರಲಿಲ್ಲ. ಇದ್ದಲ್ಲಿ ಇದೆ, ಇಲ್ಲದಲ್ಲಿ ಇಲ್ಲ! ಮೇ ತಿಂಗಳ ನಡುವಿನಿಂದ ಎಲ್ಲರೂ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈತೊಳೆಯತಕ್ಕದ್ದೆಂದು ಕಟ್ಟುಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ ೧೮ರಷ್ಟಿದ್ದ ಸಾವು ಜೂನಿನಲ್ಲಿ ೨ರ ಆಸುಪಾಸಿಗೆ ಇಳಿಯಿತು.

ರೋಗಾಣುಗಳ ಸಿದ್ಧಾಂತವು ಇನ್ನೂ ಸ್ಥಾಪಿತವಾಗದಿದ್ದ ಕಾಲವದು. ದೊಡ್ಡ ಯಂತ್ರವಾಗಲಿ ಹೊಸ ಔಷಧವಾಗಲಿ ಆತನ ಬಳಿಯಲ್ಲಿರಲಿಲ್ಲ. ಆಸ್ಪತ್ರೆಯ ಲೆಕ್ಕದ ಪುಸ್ತಕ, ಎಲ್ಲರ ಮಾತನ್ನೂ ತಾಳ್ಮೆಯಿಂದ ತೂಗುವ ಮನಸ್ಸು, ಇವೆರಡೇ ಆತನ ಉಪಕರಣಗಳು. ವಿಚಾರವೆಂಬುದು ಪಂಡಿತರ ವಿನೋದವಲ್ಲ, ತಾಯಂದಿರ ಪ್ರಾಣವನ್ನು ಉಳಿಸುವಂತಹುದು ಎಂದು ಇದರಿಂದ ತಿಳಿಯುವುದು.

ಬರೆಯುವ ಬಗೆ

ಆದರೆ ಈ ವೃತ್ತಾಂತಕ್ಕೆ ದುಃಖದ ಉತ್ತರಾರ್ಧವೊಂದಿದೆ. ಇಷ್ಟು ದೊಡ್ಡ ಸಂಗತಿಯನ್ನು ಕಂಡುಕೊಂಡ ಸೆಮ್ಮೆಲ್ವೈಸನು ಅದನ್ನು ಕಾಲಕ್ಕೆ ಸರಿಯಾಗಿ ಬರೆಯಲಿಲ್ಲ. ಮೊದಮೊದಲು ಪತ್ರಿಕೆಗಳಿಗೆ ಅವನ ಪರವಾಗಿ ಬರೆದವರು ಮಿತ್ರರು. ಅವನದೇ ಆದ ಗ್ರಂಥವು ಹೊರಬಿದ್ದುದು ೧೮೬೧ರಲ್ಲಿ, ಎಂದರೆ ಹದಿನಾಲ್ಕು ವರ್ಷಗಳ ತರುವಾಯ. ಅದೂ ಉದ್ದವಾಗಿ, ಹೇಳಿದುದನ್ನೇ ಹೇಳುತ್ತ, ಎದುರಾಳಿಗಳನ್ನು ಕಟುವಾಗಿ ನಿಂದಿಸುತ್ತ ಸಾಗುವಂತಹುದು. ಆತನ ಮಾತನ್ನು ಹಲವರು ಒಪ್ಪದಿದ್ದುದಕ್ಕೆ ಬೇರೆ ಕಾರಣಗಳೂ ಇದ್ದುವು; ಆದರೆ ಇದೂ ಒಂದು ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಮನ್ನಣೆಯನ್ನು ಕಾಣದೆಯೇ ಆತನು ೧೮೬೫ರಲ್ಲಿ ತೀರಿಕೊಂಡನು. ಎರಡು ವರ್ಷಗಳ ಮೇಲೆ, ೧೮೬೭ರಲ್ಲಿ, ಗಾಯಕ್ಕೆ ನಂಜು ಸೇರದಂತೆ ತಡೆಯುವ ಕ್ರಮವನ್ನು ಕುರಿತು ಇಂಗ್ಲೆಂಡಿನ ವೈದ್ಯಪತ್ರಿಕೆಯಲ್ಲಿ ಜೋಸೆಫ್ ಲಿಸ್ಟರ್ ಎಂಬಾತನು ಬರೆದ ಲೇಖನಗಳು ಪ್ರಕಟವಾದುವು. ಬರಹದಲ್ಲಿ ನಿಲ್ಲದ ವಿಚಾರವು ಕಟ್ಟೆಯಿಲ್ಲದ ಕೆರೆಯ ನೀರಿನಂತೆ ಹರಿದುಹೋಗುವುದು.

ಒಳ್ಳೆಯ ಬರಹದ ಲಕ್ಷಣಗಳೇನು? ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ೧೯೦೫ರಲ್ಲಿ ಪಂಡಿತ ಆರ್. ಶಾಮಾಶಾಸ್ತ್ರಿಗಳು ಓಲೆಯ ಪ್ರತಿಯಿಂದ ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಶಾಸನಗಳನ್ನು ಬರೆಯುವ ಕ್ರಮಕ್ಕೆಂದೇ ಒಂದು ಪ್ರಕರಣವುಂಟು. ರಾಜನ ಆಜ್ಞೆಯನ್ನು ಬರೆಯುವ ಲೇಖಕನಿಗೆ ಅಲ್ಲಿ ಆರು ಗುಣಗಳನ್ನೂ ಐದು ದೋಷಗಳನ್ನೂ ಹೇಳಿದೆ. ಅವು ಇಂದಿನ ಕಾಲೇಜಿನ ಪ್ರಬಂಧಕ್ಕೂ ತಪ್ಪದೆ ಸಲ್ಲುವುವು. ಅರ್ಥಕ್ರಮವೆಂದರೆ ಮುಖ್ಯವಾದುದನ್ನು ಮೊದಲಿಟ್ಟು ಉಳಿದುದನ್ನು ಕ್ರಮವಾಗಿ ಜೋಡಿಸುವುದು. ಸಂಬಂಧವೆಂದರೆ ಮುಂದಿನ ಮಾತು ಹಿಂದಿನದಕ್ಕೆ ಅಡ್ಡಬಾರದಂತೆ ಕೊನೆಯವರೆಗೂ ನಡೆಸುವುದು. ಪರಿಪೂರ್ಣತೆಯೆಂದರೆ ಹೆಚ್ಚೂ ಕಡಿಮೆಯೂ ಇಲ್ಲದೆ, ಕಾರಣ ಉದಾಹರಣೆಗಳೊಡನೆ ವಿಷಯವನ್ನು ತುಂಬಿಸುವುದು. ಮಾಧುರ್ಯ, ಔದಾರ್ಯ, ಸ್ಪಷ್ಟತ್ವಗಳೆಂದರೆ ಇಂಪೂ ಸುಲಭವೂ ಆದ ಮಾತು, ಗ್ರಾಮ್ಯವಲ್ಲದ ಮಾತು, ಎಲ್ಲರೂ ಬಲ್ಲ ಮಾತು.

ದೋಷಗಳಲ್ಲಿ ಮೊದಲನೆಯದು ಅಕಾಂತಿ, ಎಂದರೆ ಕೊಳಕಾದ ಹಾಳೆ, ವಕ್ರವಾದ ಅಕ್ಷರ. ವ್ಯಾಘಾತವೆಂದರೆ ಹಿಂದೆ ಹೇಳಿದುದಕ್ಕೆ ವಿರೋಧವಾಗಿ ಹೇಳುವುದು. ಪುನರುಕ್ತವೂ ಅಪಶಬ್ದವೂ ಎಲ್ಲರಿಗೂ ತಿಳಿದ ದೋಷಗಳೇ. ಐದನೆಯದಾದ ಸಂಪ್ಲವವೆಂಬುದು ನನ್ನ ಅನುಭವದಲ್ಲಿ ವಿದ್ಯಾರ್ಥಿಗಳ ನಿತ್ಯದೋಷ: ನಿಲ್ಲಿಸಬಾರದಲ್ಲಿ ನಿಲ್ಲಿಸುವುದು, ನಿಲ್ಲಿಸಬೇಕಾದಲ್ಲಿ ನಿಲ್ಲಿಸದಿರುವುದು. ನಾಲ್ಕು ಪುಟಗಳ ಉತ್ತರವನ್ನು ಒಂದೇ ಉಸಿರಿನಲ್ಲಿ ಬರೆಯುವವನೂ ಒಂದೊಂದು ವಾಕ್ಯಕ್ಕೂ ಹೊಸ ಸಾಲನ್ನು ತೆಗೆಯುವವನೂ ಈ ದೋಷಕ್ಕೆ ಗುರಿಯಾದವರು. ಒಂದು ಖಂಡಕ್ಕೆ ಒಂದೇ ವಿಷಯವೆಂಬ ನಿಯಮವನ್ನು ಪಾಲಿಸಿದರೆ ಇದು ತಾನಾಗಿ ನೀಗುವುದು.

ಬರೆಯತಕ್ಕ ಪ್ರಬಂಧಕ್ಕೆ ಚೌಕಟ್ಟು ಬೇಕೆನ್ನುವವರಿಗೆ ಮೀಮಾಂಸಕರ ಅಧಿಕರಣಕ್ಕಿಂತ ಒಳ್ಳೆಯದು ನನಗೆ ಕಾಣದು. ಅದಕ್ಕೆ ಐದು ಅಂಗಗಳು. ನಮ್ಮ ಹಳ್ಳಿಯ ಬಾವಿಗಳು ಏಕೆ ಬತ್ತಿದುವೆಂದು ವಿದ್ಯಾರ್ಥಿಯೊಬ್ಬನು ಬರೆಯಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಬಾವಿಗಳು ಬತ್ತಿರುವುದು ವಿಷಯ. ಮಳೆ ಕಡಿಮೆಯಾದುದೋ, ಕೆರೆಯಲ್ಲಿ ಹೂಳು ತುಂಬಿದುದೋ, ಕೊಳವೆಬಾವಿಗಳು ಹೆಚ್ಚಿದುದೋ ಎಂಬುದು ಸಂಶಯ. ಊರಿನವರೆಲ್ಲರೂ ಹೇಳುವಂತೆ ಮಳೆಯ ಕೊರತೆಯೇ ಕಾರಣವೆನ್ನುವುದು ಪೂರ್ವಪಕ್ಷ; ಅವರು ಕೊಡುವ ಕಾರಣಗಳನ್ನು ಇಲ್ಲಿ ಪೂರ್ತಿಯಾಗಿ ಬರೆಯಬೇಕು. ಅಷ್ಟೇ ಮಳೆ ಬಿದ್ದ ಪಕ್ಕದ ಊರಿನಲ್ಲಿ ಕೆರೆಯ ಹೂಳನ್ನು ತೆಗೆಸಿದ್ದಾರೆ, ಅಲ್ಲಿಯ ಬಾವಿಗಳಲ್ಲಿ ನೀರಿದೆ ಎಂದು ತಾನು ವಿಚಾರಿಸಿ ತಿಳಿದಿದ್ದರೆ ಅದನ್ನು ಹೇಳುವುದು ಉತ್ತರಪಕ್ಷ. ಆದುದರಿಂದ ಮಳೆಯೊಂದನ್ನೇ ದೂರುವುದು ಸರಿಯಲ್ಲ, ಕೊಳವೆಬಾವಿಗಳ ಪಾಲೆಷ್ಟೆಂಬುದನ್ನು ಇನ್ನೂ ಅಳೆಯಬೇಕಾಗಿದೆ ಎಂದು, ಸಾಕ್ಷ್ಯವು ತಾಳುವಷ್ಟನ್ನೇ ಹೇಳಿ ಮುಗಿಸುವುದು ನಿರ್ಣಯ. ಈ ಐದನ್ನು ದಾಟಿ ಬಂದ ಬರಹವು ಎರಡು ಪುಟದ್ದಾದರೂ ಇಪ್ಪತ್ತು ಪುಟದ ನಕಲಿಗಿಂತ ಮಿಗಿಲು.

ನಕಲಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳದೆ ಬಿಡಲಾರೆ. ಕೇಳಿದೊಡನೆ ಪ್ರಬಂಧವನ್ನು ಬರೆದುಕೊಡುವ ಚಾಟ್‌ಜಿಪಿಟಿ ಎಂಬ ಯಂತ್ರಸೌಕರ್ಯವು ೨೦೨೨ರ ನವೆಂಬರಿನಲ್ಲಿ ಸಾಮಾನ್ಯರ ಕೈಗೆ ಬಂದಿತು; ಅಂತಹವು ಈಗ ಹಲವಿವೆ. ಅವು ಕೆಟ್ಟವೆಂದು ನಾನು ಹೇಳುವವನಲ್ಲ. ಬರೆದುದರ ತಪ್ಪನ್ನು ತೋರಿಸಿಕೊಳ್ಳುವುದಕ್ಕೂ ಎದುರುಪಕ್ಷದ ಕಾರಣಗಳನ್ನು ಕೇಳಿ ತಿಳಿಯುವುದಕ್ಕೂ ಅವುಗಳನ್ನು ಉಪಯೋಗಿಸಬಹುದು. ಆದರೆ ಗರಡಿಯಲ್ಲಿ ಕೂಲಿಯವನಿಂದ ದಂಡೆ ತೆಗೆಸಿದರೆ ಮೈ ಬಲಿಯುವುದು ಯಾರಿಗೆ? ಪ್ರಬಂಧವನ್ನು ಬರೆಯಿಸುವ ಉದ್ದೇಶ ಆ ಹಾಳೆಗಳಲ್ಲ. ಅವುಗಳನ್ನು ಬರೆಯುವಾಗ ಮನಸ್ಸಿನಲ್ಲಿ ಆಗುವ ಕೆಲಸ. ಮೇಲಾಗಿ, ಯಂತ್ರವು 'ತಿಳಿಯದು' ಎನ್ನಬೇಕಾದಲ್ಲಿಯೂ ಇಲ್ಲದುದನ್ನು ಇದ್ದಂತೆ ಸರಾಗವಾಗಿ ಹೇಳಿಬಿಡುವುದುಂಟು. ಅದನ್ನು ಹಿಡಿಯಬೇಕಾದರೆ ವಿಚಾರಬಲ್ಲ ಓದುಗನೇ ಬೇಕು.

ಮನೆಯವರ ಪಾಲು

ಇವೆಲ್ಲವನ್ನೂ ಕಾಲೇಜೇ ಕಲಿಸಲಿ ಎನ್ನುವುದು ಸುಲಭ. ಆದರೆ ದೊಡ್ಡ ತರಗತಿಯಲ್ಲಿ ಅಧ್ಯಾಪಕರೊಬ್ಬರು ಒಬ್ಬೊಬ್ಬರ ಬರಹವನ್ನೂ ತಿದ್ದುವುದು ಕಷ್ಟ. ಮನೆಯಲ್ಲಿ ಆಗತಕ್ಕ ಕೆಲಸವೂ ಇದೆ. ಅದಕ್ಕೆ ಹಣ ಬೇಡ, ಇಂಗ್ಲಿಷೂ ಬೇಡ, ದಿನಕ್ಕೆ ಕಾಲುಗಂಟೆ ಸಾಕು. ರಾತ್ರಿಯ ಊಟವಾದ ಮೇಲೆ ವೃತ್ತಪತ್ರಿಕೆಯ ಸಂಪಾದಕೀಯವೊಂದನ್ನು ಮಕ್ಕಳಲ್ಲೊಬ್ಬರು ಗಟ್ಟಿಯಾಗಿ ಓದಲಿ. ಪತ್ರಿಕೆಯನ್ನು ಮಡಿಸಿಟ್ಟು ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಬರೆದಾತನು ಹೇಳುವುದೇನು? ಅದಕ್ಕೆ ಆತನು ಕೊಡುವ ಕಾರಣವೇನು? ಒಪ್ಪದವನು ಏನೆನ್ನುವನು? ಯಾವ ಸಂಗತಿ ತಿಳಿದುಬಂದರೆ ನಾವು ನಮ್ಮ ಅಭಿಪ್ರಾಯವನ್ನು ಬದಲಾಯಿಸುವೆವು? ಪದವಿಯಿಲ್ಲದ ತಾಯಿಯೂ ಈ ಪ್ರಶ್ನೆಗಳನ್ನು ಕೇಳಬಲ್ಲಳು. ಅಡಿಗೆಮನೆಯಲ್ಲಿ ತರಕಾರಿಯವನ ಲೆಕ್ಕವನ್ನು ದಿನವೂ ವಿಚಾರಿಸುವ ಆಕೆಗೆ ಈ ವಿದ್ಯೆ ಹೊಸದೇನಲ್ಲ. ಹೆಣ್ಣುಮಕ್ಕಳನ್ನು ಈ ಮಾತುಕತೆಯಿಂದ ಎಬ್ಬಿಸಿ ಪಾತ್ರೆ ತೊಳೆಯಲು ಕಳುಹಿಸಬಾರದೆಂಬುದನ್ನು ಮಾತ್ರ ಬಿನ್ನಹಮಾಡಿಕೊಳ್ಳುತ್ತೇನೆ.

ಕೈಯಲ್ಲಿರುವ ಫೋನಿಗೆ ದಿನವೂ ಬರುವ ಸಮಾಚಾರಗಳೂ ಒಳ್ಳೆಯ ಪಾಠಗಳೇ. ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲಿಯೇ ಶ್ರೇಷ್ಠವೆಂದು ಯುನೆಸ್ಕೋ ಸಂಸ್ಥೆಯು ಘೋಷಿಸಿತೆಂಬ ಸುದ್ದಿಯನ್ನು ಎಷ್ಟು ಮನೆಗಳು ಹೆಮ್ಮೆಯಿಂದ ಹಂಚಿಕೊಳ್ಳಲಿಲ್ಲ! ತಾನು ಅಂತಹ ಘೋಷಣೆಯನ್ನು ಮಾಡಿಲ್ಲವೆಂದು ಆ ಸಂಸ್ಥೆಯು ೨೦೦೮ರಲ್ಲಿಯೇ ತಿಳಿಸಿದ್ದರೂ ವದಂತಿಯು ವರ್ಷಗಳ ಕಾಲ ಸುತ್ತುತ್ತಲೇ ಇದ್ದಿತು. ರಾಷ್ಟ್ರಗೀತೆಯ ಹಿರಿಮೆಗೆ ಇದರಿಂದ ಕುಂದಿಲ್ಲ. ಕುಂದು ವಿಚಾರಿಸದೆ ನಂಬಿದ ನಮ್ಮ ಬುದ್ಧಿಗೆ. ಹೇಳಿದವರು ಯಾರು, ಅವರಿಗೆ ಹೇಗೆ ತಿಳಿಯಿತು, ಬೇರೆ ಯಾರಾದರೂ ಇದನ್ನು ಹೇಳಿರುವರೇ ಎಂದು ಮೂರು ಮಾತು ಕೇಳಿದ್ದರೆ ಸಾಕಾಗಿದ್ದಿತು. ಇಷ್ಟವಾದ ಸುದ್ದಿಯನ್ನು ಹೀಗೆ ಪರೀಕ್ಷಿಸುವುದೇ ಹೆಚ್ಚು ಕಷ್ಟ. ಇಷ್ಟವಿಲ್ಲದುದನ್ನು ಎಲ್ಲರೂ ಪರೀಕ್ಷಿಸುವರು.

ಹಿರಿಯರಿಗೊಂದು ಮಾತು. ಹೀಗೆ ಬೆಳೆದ ಮಕ್ಕಳು ಒಂದು ದಿನ ನಮ್ಮನ್ನೂ “ಏಕೆ?” ಎಂದು ಕೇಳುವರು. ಅದನ್ನು ಎದುರುಮಾತೆಂದು ಎಣಿಸಿ ಗದರಿದರೆ ಅಲ್ಲಿಗೆ ಅವರ ವಿದ್ಯೆ ಮುಗಿಯಿತು. ಶಿಷ್ಯನು ಕೇಳುವ ಆಕ್ಷೇಪಕ್ಕೆ ಸಮಾಧಾನವನ್ನು ಹೇಳುವುದನ್ನು ವ್ಯಾಖ್ಯಾನದ ಒಂದು ಅಂಗವೆಂದೇ ನಮ್ಮ ಸಂಪ್ರದಾಯವು ಗಣಿಸಿದೆ. ಪ್ರಶ್ನೆ ಕೇಳುವವರಿಗೆ ವಿನಯವನ್ನೂ ಉತ್ತರ ಹೇಳುವವರಿಗೆ ತಾಳ್ಮೆಯನ್ನೂ ಕಲಿಸುವುದು ಮನೆಯೇ. “ಅಪ್ಪಾ, ನೀವು ಹೇಳಿದುದು ಇದು, ಅದಕ್ಕೆ ನೀವು ಕೊಟ್ಟ ಕಾರಣ ಇದು, ಆದರೆ ನನಗೆ ಹೀಗೆ ತೋರುತ್ತದೆ” ಎಂದು ಮಗಳೊಬ್ಬಳು ಗೌರವದಿಂದ ಹೇಳಿದರೆ, ಆಕೆಯ ಮಾತನ್ನು ಒಪ್ಪಿದರೂ ಒಪ್ಪದಿದ್ದರೂ, ಆ ಮನೆಯಲ್ಲಿ ಓದಿದವರೊಬ್ಬರು ಇದ್ದಾರೆಂದು ತಂದೆಯು ಸಂತೋಷಪಡಬಹುದು. ಅಂಕಪಟ್ಟಿಯನ್ನು ಆಮೇಲೆ ನೋಡಿದರಾಯಿತು.